ರಾಶಿ ಆರಿದೆಯಾ?

ಮಾರ್ಚ್ 4, ಬೆಳಿಗ್ಗೆ

ಪಾಲಿಹೌಸ್ ಪರದೆ ಎತ್ತಿದೆ. ಗಪ್ಪೆಂದು ಘಾಟು, ಕಣ್ಣಲ್ಲಿ ನೀರು. ಎಡಗಡೆ ಸಾಲಿನ ಕ್ಯಾಪ್ಸಿಕಂ ಗಿಡಗಳೆಲ್ಲ ಎಲೆ ಸುಟ್ಟು ಜೋತುಬಿದ್ದಿವೆ. ತಂಗಿ ಗಂಡ ಕಳಿಸಿದ ಗೊಬ್ಬರ... ಅವನ ಡೈರಿಯ ಸಗಣಿ-ಗಂಜಲ ಮಿಷಿನ್ನಿನಲ್ಲಿ ಹಿಂಡಿ, ನೀರು ಬಸಿದು ಉಳಿದ ಗಟ್ಟಿ. ರಾಶಿ ಹಾಕಿ, ಒಳಗಿನ ಕಾವು ಪೂರ್ತಿ ಆರಿದ ಮೇಲೆ ಗಿಡಕ್ಕೆ ಕೊಡಬೇಕು. ಆರಿದೆ ಅಂತ ಆಣೆ ಮಾಡಿ ಹಸಿಯದನ್ನೇ ಕಳಿಸಿದ್ದಾನೆ, ದರಿದ್ರದವನು. ನಂಬಿ ಹಾಕಿದ ನಾನು ಪೆದ್ದಿ.

ಫೋನಿನಲ್ಲಿ ಬಾಯಿಗೆ ಬಂದಂತೆ ಬೈದೆ. "ರಾಶಿಯೊಳಗೆ ಕೈ ಹಾಕಿ ನೋಡೋಕೆ ನಿಂಗೇನು ರೋಗ? ಬಿಸಿ ತಡ್ಕೊಳ್ಳೋ ಹಾಗಿದ್ರೆ ಕಳಿಸು, ಇಲ್ಲಾಂದ್ರೆ ನೀನೇ ತಿನ್ನು!"

"ಆಯ್ತು ಡ್ರಮ್ಮಕ್ಕ," ಅಂದ. ನನ್ನ ಮೈ ನೋಡಿ ಅವನಿಟ್ಟ ಹೆಸರು.

ಮಾರ್ಚ್ 5

ಸುಟ್ಟ ಗಿಡ ಕಿತ್ತೆ. ಒಂದೊಂದನ್ನೂ ನೆಲಕ್ಕೆ ಬಡಿದೆ. ಸಿಟ್ಟು ಇಳಿಯಲಿಲ್ಲ.

ಮಾರ್ಚ್ 23

ಮಧ್ಯಾಹ್ನ ತಂಗಿ ಬಂದಳು. ಕಾಲಲ್ಲಿ ಚಪ್ಪಲಿ ಇಲ್ಲ. ಬಲಗೈಗೆ ಒದ್ದೆ ಟವೆಲ್. ಬಿಚ್ಚಿದೆ... ಅಯ್ಯೋ. ಬೆರಳಿಂದ ಮೊಣಕೈವರೆಗೆ ಬೊಬ್ಬೆ. ಚರ್ಮ ಟವೆಲ್ಲಿಗೆ ಅಂಟಿ ಬಂತು.

"ನಿಮ್ಮಕ್ಕ ಕೈ ಹಾಕಿ ನೋಡು ಅಂದಿದಾಳೆ, ಹಾಕು ಅಂದ. ರಾಶಿಯೊಳಗೆ ನನ್ನ ಕೈ ಒತ್ತಿ ಹಿಡ್ಕೊಂಡ, ಅಕ್ಕ. ಕಿರುಚಿದೆ. 'ಹಾಗಾದ್ರೆ ಇನ್ನೂ ಆರಿಲ್ಲ' ಅಂತ ನಕ್ಕ."

ನನ್ನ ಮಾತು. ನನ್ನದೇ ಹಾಳು ಮಾತು. ಕಿರುಬೆರಳು ಇನ್ನು ಮಡಚಲು ಬರುವುದು ಕಷ್ಟ ಎಂದರು ಡಾಕ್ಟರು. ಆಸ್ಪತ್ರೆ ಗೋಡೆಗೆ ಗುದ್ದಿದೆ. ಗೋಡೆಗೇನಾಗುತ್ತದೆ?

"ನಾನಿನ್ನು ವಾಪಸ್ ಹೋಗಲ್ಲ."

"ಕಳಿಸೋರು ಯಾರೇ?"

ಮಾರ್ಚ್ 30, ಸಂಜೆ

ಬಂದ. ಲಾರಿ ತುಂಬ ಗೊಬ್ಬರ, ಹಬೆಯಾಡುತ್ತಿತ್ತು. ಗೇಟಿನೊಳಗೆ ಸುರಿಸಿದ. "ಇದನ್ನಿಟ್ಕೊ, ನನ್ನ ಹೆಂಡ್ತೀನ ಕಳಿಸು."

"ಆರಿದೆಯಾ ನೋಡಪ್ಪ ಮೊದಲು."

"ಆರಿದೆ, ಆರಿದೆ." ಬಗ್ಗಿ ಬೆರಳ ತುದಿ ತಾಗಿಸಿದ.

ಹಿಂದಿನಿಂದ ಮೊಣಕಾಲಿಗೆ ಒದ್ದೆ. ಬೋರಲು ಬಿದ್ದ. ಬಲಗೈ ತಿರುಚಿ ರಾಶಿಯೊಳಗೆ ತುರುಕಿ, ಬೆನ್ನ ಮೇಲೆ ಕೂತೆ. ಡ್ರಮ್ಮಿನ ತೂಕ ಕೊನೆಗೂ ಉಪಯೋಗಕ್ಕೆ ಬಂತು. ಎಡಗೈ ಹಿಂದಕ್ಕೆ ಬೀಸಿದ. ನನ್ನ ತುಟಿ ಒಡೆದು ರಕ್ತ ಅವನ ಅಂಗಿ ಮೇಲೆ ಸುರಿಯಿತು. ಬಿಡಲಿಲ್ಲ. "ಸಾಯ್ತೀನಿ, ಬಿಡೇ!" ಅಂತ ಅರಚಿದ. ಖುಷಿಯಾಯಿತು. ಹೌದು, ಖುಷಿಯೇ.

ತಂಗಿ ಸಲಿಕೆ ಹಿಡಿದು ಓಡಿಬಂದಳು. ಬಿಡಿಸಲಿಕ್ಕೆ ಅಂದುಕೊಂಡೆ. ಎಡಗೈಯಲ್ಲೇ ಬಿಸಿ ಗೊಬ್ಬರ ಮೊಗೆದು ಅವನ ಹೆಗಲವರೆಗೂ ಸುರಿದಳು.

"ಕಿರುಚ್ತಾ ಇದಾನೆ ಅಕ್ಕ," ಅಂದಳು. "ಹಾಗಾದ್ರೆ ಇನ್ನೂ ಆರಿಲ್ಲ."

ಮಾರ್ಚ್ 31, ಬೆಳಿಗ್ಗೆ

ಬಲಗಡೆ ಸಾಲಿನಲ್ಲಿ ಮೊದಲ ಕೆಂಪು ಕಾಯಿ. ತಂಗಿಯೇ ಕಿತ್ತಳು.

ಅಷ್ಟರಲ್ಲಿ ಗೇಟಿಗೆ ಎರಡು ಲಾರಿ. ನಿನ್ನೆ ಕೊಸರಿಕೊಂಡು ಲಾರಿ ಹತ್ತಿ ಓಡಿದವನು, ಕೈಗೆ ಬ್ಯಾಂಡೇಜು. ಜೊತೆಗೆ ಅವನ ಅಣ್ಣಂದಿರು. ಪೊಲೀಸರಿಗೆ ಫೋನ್ ಮಾಡಿದೆ. ಬರ್ತೀವಿ ಅಂದರು. ಪ್ಯಾಕಿಂಗ್ ರೂಮಿಗೆ ನುಗ್ಗಿ, "ಬೇಗ ಬಂದು ಬೀಗ ಹಾಕೇ!" ಅಂತ ಕೂಗಿದೆ.

ಹಾಕಿದಳು. ಹೊರಗಿನಿಂದ.

ಬಾಗಿಲು ಗುದ್ದಿ ಗುದ್ದಿ ಹೆಗಲು ಊದಿದೆ. ಕಿಟಕಿಗೆ ಸರಳು. ಬರೆಯದಿದ್ದರೆ ತಲೆ ಕೆಡುತ್ತದೆ. ರಾಶಿಯ ಮುಂದೆ ಒಬ್ಬಳೇ ನಿಂತಿದ್ದಾಳೆ ಹುಚ್ಚಿ. ಗೇಟು ಮುರಿದರು. ಅವನು ಮುಂದೆ ಬಂದ. ಹಿಂದಕ್ಕೆ ಸರಿಯೇ, ಸರಿಯೇ ನನ್ನಮ್ಮ... ಸರಿಯಲಿಲ್ಲ. ಎಡಗೈಯಲ್ಲಿ ಸಲಿಕೆ ಎತ್ತಿ—