ಹನ್ನೊಂದು ಹಲಗೆಯ ಬಾಗಿಲು

ಹಳೆಪೇಟೆ, ಕಾಸರಗೋಡು
೧೪-೨-೨೦೧೬

ಪ್ರೀತಿಯ ಸೋದರಸೊಸೆ ರಂಜಿಗೆ ಪುರುಷೋತ್ತಮ ಮಾವನ ಆಶೀರ್ವಾದ.

ನಿನ್ನ ಕಾಗದ ಬಂದು ತಿಂಗಳಾಯಿತು. ಉತ್ತರ ಬರೆಯದ್ದು ಉದಾಸೀನದಿಂದ ಅಲ್ಲ. ಮಾವ ಈಗ ದೊಡ್ಡ ಜನ! ನಮ್ಮ ಬೀದಿಯನ್ನು ಮುನಿಸಿಪಾಲಿಟಿಯವರು ‘ಪೈತೃಕ ಬೀದಿ’ ಮಾಡುತ್ತಿದ್ದಾರೆ. ಪೇಟೆಯ ಹಳೆ ಚಂದ ಉಳಿಸಬೇಕಂತೆ, ಮಾಲ್‌ಗಳಿಗೆ ಓಡಿದ ಗಿರಾಕಿಗಳು ತಿರುಗಿ ಬರಬೇಕಂತೆ. ಉಳಿದವರೆಲ್ಲ ಶಟರ್ ಹಾಕಿಸಿ ಆಗಿದೆ. ಒಂದೊಂದೇ ಹಲಗೆ ಜೋಡಿಸಿ ಮುಚ್ಚುವ ಬಾಗಿಲು ಇರುವುದು ನಮ್ಮ ಹಗ್ಗ-ಹಿಡಿಸೂಡಿ ಅಂಗಡಿಗೆ ಮಾತ್ರ. ಮೀಟಿಂಗಿನಲ್ಲಿ ಎದ್ದು ನಿಂತು ಹೇಳಿದೆ, “ಈ ಬೀದಿಯಲ್ಲಿ ಪೈತೃಕ ಅಂತ ಇರುವುದು ನಾನೊಬ್ಬನೇ. ಉದ್ಘಾಟನೆಯ ದಿನ ಹನ್ನೊಂದು ಹಲಗೆಯನ್ನೂ ಕಣ್ಣು ಕಟ್ಟಿಕೊಂಡು ಹಾಕಿ ತೋರಿಸುತ್ತೇನೆ.” ಚಪ್ಪಾಳೆಯೋ ಚಪ್ಪಾಳೆ!

ಆಮೇಲಿನದ್ದು ಕೇಳು. ಪೈಂಟಿನವರು ಹಲಗೆಗಳನ್ನು ಬೀದಿಯಲ್ಲೇ ಹಾಸಿ, ಉಜ್ಜಿ, ವಾರ್ನಿಶ್ ಬಳಿದರು. ಮುಖ ಕಾಣುವ ಹಾಗೆ ಹೊಳೆಯುತ್ತದೆ. ಆದರೆ ಒಳಬದಿಗೆ ನಿನ್ನ ಅತ್ತೆ ಇಟ್ಟಿದ್ದ ಸುಣ್ಣದ ಬೊಟ್ಟು ಒಂದೂ ಇಲ್ಲ! ಯಾವುದು ಮೊದಲು, ಯಾವುದು ಕಡೆಗೆ ಅಂತ ತಿಳಿಯುತ್ತಿದ್ದದ್ದೇ ಅದರಿಂದ. ನಾಲ್ಕು ದಿನದಿಂದ ಒದ್ದಾಡುತ್ತಿದ್ದೇನೆ. ಒಮ್ಮೆ ಕಡೆಯ ಹಲಗೆ ಕೂರುವುದಿಲ್ಲ, ಒಮ್ಮೆ ನಡುವಿನಲ್ಲಿ ಬೆಕ್ಕು ನುಗ್ಗುವಷ್ಟು ಸಂದು. ಇಂಜಿನಿಯರ್ ಉದಯಶಂಕರ ಹೇಳುತ್ತಾನೆ, “ನಲುವತ್ತು ವರ್ಷ ಹಾಕಿದವರು ನೀವು, ನಿಮಗೆ ಗೊತ್ತಿಲ್ಲವಾ?” ಎದುರಿನ ಚಾದಂಗಡಿಯ ಕುಂಞನದ್ದು ಬೇರೆ ರಗಳೆ: “ಪುರುಷೋತ್ತಮಣ್ಣ, ಕಣ್ಣು ಬಿಟ್ಟು ಆಗುವುದಿಲ್ಲ, ಇನ್ನು ಕಟ್ಟಿಯೇ ನೋಡಿ ಮಾರಾಯ್ರೆ!” ಇವನಿಗೆ ಎಂತ ಹೇಳುವುದು?

ಶಾಲೆಗೆ ಹೋಗುವಾಗ ನೀನು ನಮ್ಮಲ್ಲೇ ಇದ್ದದ್ದಲ್ಲವಾ? ಸಂಜೆ ಅತ್ತೆಗೆ ಹಲಗೆ ಎತ್ತಿಕೊಡುತ್ತಿದ್ದದ್ದು ನೀನೇ. ಗಂಟು ಇದ್ದದ್ದು ಎಷ್ಟನೆಯದ್ದು, ಓರೆ ಇದ್ದದ್ದು ಎಲ್ಲಿ, ನೆನಪಾದಷ್ಟು ಬರೆ. ನನಗೆ ಗೊತ್ತುಂಟು, ಆದರೂ ಒಮ್ಮೆ ತಾಳೆ ನೋಡಲಿಕ್ಕೆ. ಫೋನ್ ಮಾಡಬೇಡ, ಕುಂಞ ಕಿವಿ ಇಟ್ಟು ಕೂತಿರುತ್ತಾನೆ. ಉದ್ಘಾಟನೆಗೆ ಇನ್ನು ಹದಿನೈದೇ ದಿನ.

ನಿನಗೂ ಮಕ್ಕಳಿಗೂ ಮಧೂರಿನ ದೇವರು ಒಳ್ಳೆಯದು ಮಾಡಲಿ.

ಇತಿ,
ನಿನ್ನ ಮಾವ
ಪುರುಷೋತ್ತಮ

ಮತ್ತೆ: ತಾಳೆ ನೋಡುವುದೆಂತ ಬಂತು. ನಲುವತ್ತು ವರ್ಷದಲ್ಲಿ ನಾನು ಒಂದು ಹಲಗೆಯನ್ನೂ ಹಾಕಿದವನಲ್ಲ, ರಂಜಿ. ಸಂಜೆಯಾದರೆ ಕುಂಞನಲ್ಲಿಗೆ ಹೋಗಿ ಕೂರುತ್ತಿದ್ದೆ, ಮುಚ್ಚುತ್ತಿದ್ದದ್ದು ನಿನ್ನ ಅತ್ತೆ ದೇವಕಿ. ಕಳೆದ ಆಟಿ ತಿಂಗಳ ಮಳೆಯಲ್ಲಿ ಆಸ್ಪತ್ರೆಗೆ ಹೊರಟ ದಿನವೂ ಅವಳೇ ಮುಚ್ಚಿ ಬಂದಳು. ಅವಳು ಹೋದ ಮೇಲೆ ಆ ಬಾಗಿಲನ್ನು ನಾನು ತೆಗೆಯಲೇ ಇಲ್ಲ, ಅವಳು ಹಾಕಿದ ಹಾಗೆಯೇ ಇತ್ತು. ಪೈಂಟಿನವರಿಗೆ ಮೊದಲ ಹಲಗೆ ತೆಗೆದುಕೊಟ್ಟದ್ದು ನಾನೇ. ಅವರು ಬೊಟ್ಟು ಉಜ್ಜುವಾಗ ಎದುರಿನಲ್ಲಿ ಕೂತು ಚಾ ಕುಡಿಯುತ್ತಿದ್ದೆ.