ತೆರೆಯದ ಲಕೋಟೆಗೆ ಹೆಚ್ಚು ಬೆಲೆ

ಏಪ್ರಿಲ್ ೧೧, ಶುಕ್ರವಾರ

ಪ್ರೀತಿಯ ತಮ್ಮನಿಗೆ,

ಅಕ್ಕನ ನೆನಪುಗಳು. ನೀನು, ನಿನ್ನ ಹೆಂಡತಿ, ಮಗಳು, ಮೊಮ್ಮಗು ಎಲ್ಲರೂ ಸುಖವಾಗಿದ್ದೀರೆಂದು ನಂಬಿದ್ದೇನೆ. ನಾನೂ ಇದ್ದೇನೆ, ಮಂಡಿಗಳು ಮಾತ್ರ ನನ್ನ ಮಾತು ಕೇಳುವುದನ್ನು ಬಿಟ್ಟಿವೆ. ನಿನ್ನ ಪತ್ರ ಬಂದು ಐದು ವಾರವಾಯಿತು. ಪುರುಸೊತ್ತಿರಲಿಲ್ಲ ಎಂದು ಸುಳ್ಳು ಹೇಳಲಾರೆ. ಅಂಗಡಿ ಮುಚ್ಚಿ ವರ್ಷವಾದವಳಿಗೆ ಪುರುಸೊತ್ತಿಗೇನು ಬರ? ಮೂರು ಸಲ ಬರೆದೆ, ಮೂರು ಸಲ ಹರಿದೆ. ಇದು ನಾಲ್ಕನೆಯದು. ಹೇಗಿದ್ದರೆ ಹಾಗೆ ಅಂಚೆಗೆ ಹಾಕುತ್ತೇನೆ.

ಅಪ್ಪನ ನೂರನೇ ವರ್ಷಕ್ಕೆ ಸಂಗ್ರಾಹಕರ ಸಂಘದವರು ಪುಸ್ತಕ ತರುತ್ತಿದ್ದಾರೆ, ನಮ್ಮ ಅಂಚೆಚೀಟಿ, ನಾಣ್ಯದ ವ್ಯಾಪಾರದ ಇತಿಹಾಸವನ್ನು ನಾನು ಬರೆದುಕೊಡಬೇಕು, ನೀನು ತಿದ್ದಿ ಕಳಿಸುತ್ತೀಯ, ಅಪ್ಪನ ದೊಡ್ಡತನ ನಾಲ್ಕು ಜನಕ್ಕೆ ಗೊತ್ತಾಗಬೇಕು ಎಂದಿದ್ದೀಯ. ಕೆಳಗೆ ಇನ್ನೊಂದು ಸಾಲು: "ಅಮ್ಮನ ವಿಷಯ ಹೆಚ್ಚು ಬೇಡ ಅಕ್ಕಾ. ವರ್ಷಪೂರ್ತಿ ಆಸ್ಪತ್ರೇಲಿದ್ದು ಮಕ್ಕಳಿಗೆ ಒಂದು ಸಾಲು ಬರೀದೇ ಹೋದವಳ ಬಗ್ಗೆ ಬರೆಯೋಕೇನಿದೆ?" ಆ ಸಾಲು ಓದಿದ ದಿನ ನನಗೆ ಊಟ ಸೇರಲಿಲ್ಲ. ಅರವತ್ತಾರು ವರ್ಷದ ಗಂಡಸು ಇನ್ನೂ ಆರು ವರ್ಷದವನ ಸಿಟ್ಟನ್ನು ಹೊತ್ತುಕೊಂಡು ತಿರುಗುತ್ತಿದ್ದಾನಲ್ಲ ಎಂದು ಸಂಕಟವಾಯಿತು. ಇತಿಹಾಸ ಬೇಕು ಅಂದೆಯಲ್ಲ, ತಗೋ.

ಅಪ್ಪ ಒಂದು ತಗಡಿನ ಡಬ್ಬಿಯಿಂದ ವ್ಯಾಪಾರ ಶುರುಮಾಡಿದರು ಎಂಬುದು ಅಪ್ಪನೇ ಕಟ್ಟಿದ ಕಥೆ. ಶುರುವಾದದ್ದು ಅಮ್ಮ ಮದುವೆಯಲ್ಲಿ ತಂದ ಎರಡು ಆಲ್ಬಮ್‌ಗಳಿಂದ. ಹಡಗು ಕಂಪನಿಯಲ್ಲಿ ಗುಮಾಸ್ತರಾಗಿದ್ದ ತಾತ ಮಗಳಿಗೆಂದು ಇಪ್ಪತ್ತು ವರ್ಷ ಕೂಡಿಸಿದ್ದು. ಅವುಗಳಲ್ಲಿನ ಒಳ್ಳೆಯ ಚೀಟಿಗಳು ಮೊದಲ ವರ್ಷವೇ ಮಾರಾಟವಾದವು. "ಖಾಲಿ ಪುಟ ನೋಡೋಕೂ ಚೆನ್ನಾಗೇ ಇದೆ ಬಿಡು" ಎಂದು ಅಮ್ಮ ನಗುತ್ತಿದ್ದಳು. ಅವಳ ನಗು ನಿನಗೆ ನೆನಪಿರಲಾರದು.

ನಮ್ಮದು ಆಯ್ಕೆ ಪುಸ್ತಕದ ವ್ಯಾಪಾರ. ಅಂಗೈಯಗಲದ ಪುಸ್ತಕದಲ್ಲಿ ಚೀಟಿ ಅಂಟಿಸಿ, ಕೆಳಗೆ ಬೆಲೆ ಬರೆದು ಗಿರಾಕಿಗೆ ಕಳಿಸುವುದು. ಅವನು ಬೇಕಾದ್ದು ಇಟ್ಟುಕೊಂಡು ಉಳಿದದ್ದನ್ನು ಹಣದ ಜೊತೆ ಮರಳಿಸುವುದು. ಮುಖ ಕಾಣದವರನ್ನು ನಂಬಿ ಮಾಡುವ ಕೆಲಸ. "ನಂಬಿಕೆಯೇ ನಮ್ಮ ಬಂಡವಾಳ" ಎಂದು ಅಪ್ಪ ಬೆಲೆಪಟ್ಟಿಯ ಮೇಲೆ ಅಚ್ಚು ಹಾಕಿಸಿದ್ದರು. ಬಂಡವಾಳವೆಲ್ಲ ಹೊರಗಿನವರಿಗೇ ಖರ್ಚಾಯಿತೆಂದು ಕಾಣುತ್ತದೆ, ಮನೆಯವರಿಗೆ ಉಳಿಯಲಿಲ್ಲ. ಬೋಗುಣಿಯ ನೀರಿನಲ್ಲಿ ಲಕೋಟೆಯ ಚೂರು ನೆನೆಸಿ ಚೀಟಿ ಬಿಡಿಸುವುದು, ಹಳೆ ಪತ್ರಿಕೆಯ ಮೇಲೆ ಒಣಗಿಸುವುದು, ಗಿರಾಕಿಗಳಿಗೆ ಉತ್ತರ ಬರೆಯುವುದು ಎಲ್ಲ ಅಮ್ಮನದು. ಅವಳ ಬೆರಳ ತುದಿ ಸದಾ ನೀರು ಕುಡಿದು ಸುಕ್ಕಾಗಿರುತ್ತಿತ್ತು. "ನಿಮ್ಮ ಅಕ್ಷರ ಮುತ್ತಿನಂತಿದೆ, ಮಾನ್ಯರೇ" ಎಂದು ಗಿರಾಕಿಗಳು ಬರೆದರೆ ಅಪ್ಪ ಅದನ್ನು ಗಟ್ಟಿಯಾಗಿ ಓದಿ, ತಮ್ಮದೇ ಅಕ್ಷರವೆಂಬಂತೆ ಬೀಗುತ್ತಿದ್ದರು.

ಅಮ್ಮ ತಾಮ್ರದ ನಾಣ್ಯಗಳನ್ನು ತಿಕ್ಕಿ ಹಾಳುಮಾಡಿದ ತಮಾಷೆಯನ್ನು ಮರೆಯದೆ ಸೇರಿಸು ಎಂದಿದ್ದೀಯ. ಸೇರಿಸುತ್ತೇನೆ. ಹಳೆ ನಾಣ್ಯದ ಮೇಲಿನ ಕಪ್ಪೇ ಅದರ ಮೈಬಣ್ಣ, ತಿಕ್ಕಿದರೆ ಬೆಲೆ ಮಣ್ಣುಪಾಲು ಎಂಬುದು ನಮ್ಮ ಮನೆಯ ಬೆಕ್ಕಿಗೂ ಗೊತ್ತಿತ್ತು. ಅಮ್ಮನಿಗೆ ಗೊತ್ತಿರಲಿಲ್ಲವೇ? ಹಿತ್ತಲಲ್ಲಿ ಕೂತು ಅರವತ್ತು ನಾಣ್ಯಗಳನ್ನು ಬೂದಿ ಹಾಕಿ ತಿಕ್ಕಿ ಫಳಫಳ ಮಾಡಿದವನು ನೀನು. ಐದು ವರ್ಷದವನು, ಅಪ್ಪನಿಗೆ ಸಂತೋಷವಾಗಲಿ ಅಂತ ಮಾಡಿದ್ದೆ. ಅಪ್ಪ ಬೆಲ್ಟಿಗೆ ಕೈ ಹಾಕಿದಾಗ ಅಮ್ಮ ಬಾಗಿಲಿಗೆ ಅಡ್ಡ ನಿಂತು, "ಅವನಲ್ಲ, ನಾನೇ ತಿಕ್ಕಿದ್ದು. ಬುದ್ಧಿ ಇರ್ಲಿಲ್ಲ" ಅಂದಳು. ಅಪ್ಪ ಒಂದು ತಿಂಗಳು ಅವಳ ಜೊತೆ ಮಾತಾಡಲಿಲ್ಲ. ಈಗ ಬೇಕಾದರೆ ನಗು.

ಮುಂದಿನ ವರ್ಷ ಅವಳ ಎದೆಗೆ ರೋಗ ಬಂತು. ಗುಡ್ಡದ ಮೇಲಿನ ಆಸ್ಪತ್ರೆಗೆ ಸೇರಿಸಿದರು. ಮಕ್ಕಳನ್ನು ಒಳಗೆ ಬಿಡುತ್ತಿರಲಿಲ್ಲ. ಶಾಲೆ ಬಿಡಿಸಿ ಅವಳ ಕುರ್ಚಿಯಲ್ಲಿ ನನ್ನನ್ನು ಕೂರಿಸಿದರು. ನನಗೆ ಹದಿನಾಲ್ಕು. ಸಂಜೆ ನೀನು ಬಂದು ಕೇಳುತ್ತಿದ್ದೆ, "ಅಮ್ಮ ಬರೆದ್ಲಾ?" ಅಪ್ಪ ಭೂತಗನ್ನಡಿಯಿಂದ ಕಣ್ಣೆತ್ತದೆ, "ನೆನಪಾದಾಗ ಬರೀತಾಳೆ ಬಿಡು" ಎನ್ನುತ್ತಿದ್ದರು. ಆ ಮಾತು ನಿನ್ನೊಳಗೆ ಮೊಳೆ ಹೊಡೆದಂತೆ ಕೂತಿತು.

ಅವಳು ಬರೆದಿದ್ದಳು ಕಣೋ. ತಿಂಗಳಿಗೊಂದರಂತೆ ಹನ್ನೊಂದು. ನಿನ್ನ ಹೆಸರಿಗೆ ಏಳು, ನನ್ನ ಹೆಸರಿಗೆ ನಾಲ್ಕು.

ಆ ಆಸ್ಪತ್ರೆಯಿಂದ ಹೊರಡುವ ಪ್ರತಿ ಕಾಗದಕ್ಕೂ ಔಷಧದ ಹೊಗೆ ಹಾಕಿ, ರೋಗದ ಭಯವಿಲ್ಲ ಎಂಬುದಕ್ಕೆ ಗುರುತಾಗಿ ನೇರಳೆ ಬಣ್ಣದ ದುಂಡು ಮುದ್ರೆ ಒತ್ತುತ್ತಿದ್ದರು. ಅಂಥ ಮುದ್ರೆಗಳನ್ನೇ ಕೂಡಿಸುವ ಡಾಕ್ಟರೊಬ್ಬರು ನಮ್ಮ ಹಳೆಯ ಗಿರಾಕಿ. ತೆರೆಯದ ಲಕೋಟೆಯಾದರೆ ಎರಡರಷ್ಟು ಕೊಡುತ್ತೇನೆಂದು ಬರೆದಿದ್ದರಂತೆ. ಅಪ್ಪ ಹನ್ನೊಂದನ್ನೂ ಅಂಚೆಯವನ ಕೈಯಿಂದ ತಾವೇ ತೆಗೆದುಕೊಂಡು, ಒಂದೊಂದಾಗಿ ಬೀಗದ ಡ್ರಾಯರಿನಲ್ಲಿ ಕೂಡಿಟ್ಟರು. ಒಂದು ಮಧ್ಯಾಹ್ನ ನನ್ನ ಮುಂದೆ ತಂದಿಟ್ಟು, "ಇವುಗಳ ಪಟ್ಟಿ ಟೈಪ್ ಮಾಡು" ಎಂದರು. ಮುತ್ತಿನ ಅಕ್ಷರ. ನನ್ನ ಹೆಸರು, ನಿನ್ನ ಹೆಸರು.

"ಅಪ್ಪಾ, ಇವು ನಮಗೆ ಬಂದಿದ್ದಲ್ವಾ?"

"ನಿಮಗೇ. ಆದ್ರೆ ರೋಗದ ಮನೆಯಿಂದ ಬಂದಿದ್ದು, ಮಕ್ಕಳು ಮುಟ್ಟಬಾರದು."

"ಡಾಕ್ಟರ್ ಮುಟ್ಟಬಹುದಾ?"

"ಅವರು ದುಡ್ಡು ಕೊಟ್ಟು ಮುಟ್ತಾರೆ. ಔಷಧಿ ಖರ್ಚು ನಿಮ್ಮ ತಾತ ಕೊಡ್ತಾನಾ? ಚಿಕ್ಕವನಿಗೆ ಹೇಳಿ ಅವನ ತಲೆ ಕೆಡಿಸಬೇಡ."

ಔಷಧಿ ಖರ್ಚು ತಾತನೇ ಕೊಡುತ್ತಿದ್ದರು. ಅದು ನನಗೆ ಗೊತ್ತಾದದ್ದು ತಾತ ಸತ್ತ ಮೇಲೆ.

ನಾನು ಟೈಪ್ ಮಾಡಿದೆ. "ಆಸ್ಪತ್ರೆಯ ಮುದ್ರೆ, ನೇರಳೆ. ಒಳಗೆ ಪತ್ರವಿದೆ. ತೆರೆದಿಲ್ಲ." ಹನ್ನೊಂದು ಸಲ. ಲಕೋಟೆಗಳು ಡಾಕ್ಟರಿಗೆ ಹೋದವು. ಅವರೂ ಓದಲಿಲ್ಲ, ತೆರೆದರೆ ಬೆಲೆ ಇಳಿಯುತ್ತದಲ್ಲ. ಅವರು ತೀರಿಕೊಂಡ ಮೇಲೆ ಸಂಗ್ರಹ ಹರಾಜಾಯಿತು. ಯಾರ ಕೈ ಸೇರಿತೋ ತಿಳಿಯದು. ನಲವತ್ತು ವರ್ಷ ಕಂಡಕಂಡ ವ್ಯಾಪಾರಿಗಳಿಗೆಲ್ಲ ಬರೆದು ಹುಡುಕಿದೆ. ನೀನು ಬೇರೆ ಊರಿನಲ್ಲಿ ನೌಕರಿ ಮಾಡುತ್ತಾ, ಅಪ್ಪನ ಫೋಟೊ ಮೇಜಿನ ಮೇಲಿಟ್ಟುಕೊಂಡು, "ಅಕ್ಕನಿಗೆ ಅಂಗಡಿಯ ಹುಚ್ಚು, ಮದುವೇನೂ ಬೇಡ ಅಂದ್ಲು" ಎಂದು ಜನರಿಗೆ ಹೇಳುತ್ತಿದ್ದೆಯಂತೆ. ಹುಚ್ಚು ಅಂಗಡಿಯದಾಗಿರಲಿಲ್ಲ. ಅಂಗಡಿ ಇದ್ದರೆ ತಾನೇ ಆ ಲಕೋಟೆಗಳು ಎಂದಾದರೊಂದು ದಿನ ನನ್ನ ಮೇಜಿಗೆ ಬರಬಹುದು?

ಸಂಘದವರಿಗೆ ಏನು ಕಳಿಸುತ್ತೀಯೋ ಕಳಿಸು. ತಗಡಿನ ಡಬ್ಬಿಯ ಕಥೆಯೇ ಓದಲು ಚೆಂದ. ಆದರೆ ಅಮ್ಮ ಬರೆಯಲಿಲ್ಲ ಎಂಬ ಮಾತನ್ನು ಇನ್ನು ಬಾಯಲ್ಲಿ ತರಬೇಡ.

ನಿನ್ನ ಮಗಳಿಗೂ ಮೊಮ್ಮಗುವಿಗೂ ನನ್ನ ಆಶೀರ್ವಾದ. ನಿನ್ನ ಹೆಂಡತಿಗೆ ಪ್ರೀತಿ ತಿಳಿಸು. ಸಿಹಿ ಕಡಿಮೆ ಮಾಡು. ನಿನಗೆ ಒಳ್ಳೆಯದಾಗಲಿ, ಎಲ್ಲಿದ್ದರೂ ತಣ್ಣಗಿರು.

ಇಂತು,
ನಿನ್ನ ಅಕ್ಕ

ಮರೆತ ಮಾತು: ಮರೆತದ್ದಲ್ಲ. ಮೂರು ಸಲ ಹರಿದದ್ದು ಇದನ್ನು ಬರೆಯಲಾಗದೆ.

ಡಾಕ್ಟರು ಇಟ್ಟುಕೊಂಡದ್ದು ಹತ್ತು. ಒಂದನ್ನು, ಮುದ್ರೆ ಕಲಸಿಹೋಗಿದೆ, ಬೇಡ ಎಂದು ಮರಳಿಸಿದರು. ಗಿರಾಕಿಗಳಿಂದ ಮರಳಿ ಬಂದದ್ದನ್ನು ಬಿಡಿಸುವವಳು ನಾನೇ. "ಮಸಿ ಕಲಸಿದ್ದು ಯಾರಿಗೆ ಬೇಕು, ಎಸಿ" ಎಂದರು ಅಪ್ಪ. ಅದು ನಿನ್ನ ಹೆಸರಿನದು. ನಿನಗೆ ಓದಿ ಹೇಳೋಣವೆಂದೇ ತೆರೆದೆ. ನಾಲ್ಕು ಪುಟ, ತುಂಬ ನೀನೇ. ಹಲ್ಲು ಬಿತ್ತಾ, ರಾತ್ರಿ ಹೆದರ್ತೀಯಾ, ನಾಣ್ಯದ ವಿಷಯ ಮನಸ್ಸಿಗೆ ಹಚ್ಚಿಕೋಬೇಡ. ಕೊನೆಯಲ್ಲಿ: "ಅಕ್ಕನಿಗೆ ಹೇಳಬೇಕಾದ್ದನ್ನೆಲ್ಲ ಅವಳ ಕಾಗದದಲ್ಲಿ ಬರೆದಿದ್ದೇನೆ."

ನನ್ನ ನಾಲ್ಕೂ ಹೋಗಿದ್ದವು. ನಿನ್ನದೊಂದು ಉಳಿದಿತ್ತು. ನನಗಿಲ್ಲದ್ದು ಇವನಿಗೇಕೆ ಎನ್ನಿಸಿತು. ಆ ಸಂಜೆ ನೀನು ಬಂದು ಕೇಳಿದಾಗ ಅಪ್ಪ ಮನೆಯಲ್ಲಿರಲಿಲ್ಲ. "ಬರೆದಿಲ್ಲ" ಎಂದವಳು ನಾನು. ಎಂಟನೇ ದಿನ ಅವಳು ಹೋದ ಸುದ್ದಿ ಬಂತು. ನೀನು ಅಳಲಿಲ್ಲ. ಆಮೇಲೆ ಕೊಡುವ ಧೈರ್ಯ ನನಗೆ ಬರಲಿಲ್ಲ.

ಪತ್ರ ಇದರೊಳಗಿದೆ. ಓದಿದ ಮೇಲೆ ನನಗೆ ಬರೆಯಬೇಕೆನಿಸದಿದ್ದರೆ ಬರೆಯಬೇಡ.