ಗಾಳದ ರೀಲ್ ವಾಪಸ್ ಹೋಗೂದಿಲ್ಲ

ಅಪ್ಪಾ,

ನಾ ತಂದ ಗಾಳದ ರೀಲ್ ವಾಪಸ್ ಕೊಡಾಕ ಇವತ್ತ ಕಡೀ ದಿನ ಅಂತ ನೀ ನಿನ್ನೆ ಅವ್ವನ ಮುಂದ ಅಂದದ್ದು ಕೇಳಿಸ್ತು. ಬಿಲ್ ಹುಡುಕಬ್ಯಾಡ, ಅದು ನನ್ನ ಜೋಡಿ ಮಾಟುಂಗಕ್ಕ, ಕೆಲಸಕ್ಕ ಹೊಂಟೈತಿ. ಬಾಕ್ಸ್ ರದ್ದಿ ಒಯ್ಯೂ ಭಂಗಾರವಾಲಾಗ ಕೊಟ್ಟೀನಿ.

ಮೀನಿಗೆ ರೀಲಿನ ರೇಟ್ ಗೊತ್ತಾಗೂದಿಲ್ಲ ಅಂತೀ. ಖರೇ. ಅದಕ್ಕ ಅಂಗಡಿಯವ ತೋರಿಸಿದ ತುಟ್ಟಿ ಕೋಲು ನಾ ತರಲಿಲ್ಲ, ನಿನ್ನ ಹಳೇ ಕೋಲ ಸಾಕು. ಆದ್ರ ಹೋದ ಐತವಾರ ಮಾರ್ವೆ ಸಮುದ್ರದ ದಂಡಿಗೆ ಹಳೇ ರೀಲ್ ತಿರಗದ ನಿಂತಾಗ ನೀ ಬರಿಗೈಲೆ ದಾರ ಎಳದು ಬಟ್ಟು ಕೊಯ್ಕೊಂಡು ಬಂದಿ. ಮೀನೂ ಹೋತು. ಈ ರೀಲ್ ನಿನ್ನ ಕೈ ಸಲುವಾಗಿ ತಂದೀನಿ.

ಅಜ್ಜಿ ಕತಿಯೊಳಗಿನ ಅಂಬಿಗನ ಹತ್ರ ಬರೀ ದಾರ ಇತ್ತು ಅನಬ್ಯಾಡ. ಆ ಮೀನ ತಾನಾಗೇ ಮಾತಾಡ್ಕೋತ ದಂಡಿಗೆ ಬರತಿತ್ತು. ನಾ ಇನ್ನೂ ಅದರ ದಾರಿ ಕಾಯ್ತೀನಿ, ಆ ಮಾತ ಬ್ಯಾರೆ.

ಬಾಜೂ ಮನಿ ಲಾಲಸಾಬ ಕಾಕಾ ರೀಲ್ ನೋಡಿ, "ಕಾಶಪ್ಪಾ, ಮೀನ ಹಿಡಿಯಾಕ ಹೊಂಟೀಯೋ, ಬೀಗರ ಮನಿಗೆ ಹೊಂಟೀಯೋ?" ಅಂತ ನಕ್ಕ. ನಗಲಿ. ಒಂದ್ಸಲ ಅವನ ಕೈಯಾಗ ಕೊಟ್ಟು ತಿರುಗಿಸಾಕ ಹೇಳು, ಸುಮ್ಮನಾಗ್ತಾನ.

ಹತ್ತಕ್ಕ ಭರತಿ ಐತಿ, ಸಮುದ್ರದ ನೀರ ಏರತೈತಿ, ಅದರಕಿಂತ ಮೊದಲ ದಂಡಿ ಮುಟ್ಟು. ನಳ ಬಂದಾಗ ಒಂದು ಬಕೆಟ್ ತುಂಬಿಡು. ಚಪಾತಿ ಡಬ್ಬ್ಯಾಗ ಅದಾವ. ಬಟ್ಟಿನ ಪಟ್ಟಿ ಬಿಚ್ಚಬ್ಯಾಡ.

ತಿರುಗಿ ಬಂದ ಮ್ಯಾಲ ರೀಲ್ ನೀ ತೊಳಿಬ್ಯಾಡ. ಸಂಜಿಗೆ ಅದರ ಮ್ಯಾಲ ಸಮುದ್ರದ ಉಪ್ಪು ಮುಟ್ಟಿ ನೋಡಿ, ನಾನ ತೊಳಿತೀನಿ.

ವೈಶಾಲಿ